ಕಾಲಿಗೆ ಬೂಟೋ, ಬೂಟಿಗೆ ಕಾಲೋ?



ಈ ಸಲ ಬೂಟಿನ ಕಥಿ ಬರೀತೀನಿ. ನಗಬ್ಯಾಡ್ರಿ. ನಾವು ಸೀರಿ ಉಟಗೊಂಡು ಚಪ್ಪಲಿ ಮೆಟ್ಟೋ ಮಂದಿ, ಮಣಕಾಲ ತನಕ ಬರೋ ಬೂಟಿನ ಉಸಾಬರಿ ನಮಗ್ಯಾಕ ಅಂತೀರಿ. ಆದ್ರ ಈಗ ಎರಡು ಮನಿಗೊಂದರಂಗ ಯಾರದರ ಮಗಳೋ, ಸೊಸಿಯೋ ಅಮೇರಿಕಾದಾಗೋ, ಲಂಡನ್ನಿನ್ಯಾಗೋ, ಕೆನಡಾದಾಗೋ ಇದ್ದ ಇರ್ತಾಳ. ದೀಪಾವಳಿ ಮುಗೀತು ಅಂದ್ರ ಅವರ ಫೋಟೋ ಬರ್ತಾವ: ಉದ್ದ ಕೋಟು, ಕೊರಳಾಗ ಮಫ್ಲರು, ಕಾಲಾಗ ಮಣಕಾಲ ಮುಟ್ಟೋ ಕರೀ ಬೂಟು. ಅರಿಷಿಣ-ಕುಂಕುಮಕ್ಕ ಕೂಡಿದಾಗ ಅದ ಮಾತು. "ಅಷ್ಟ ಉದ್ದ ಯಾಕ ಬೇಕವ್ವಾ, ಚಳಿಗೋ ಸ್ಟೈಲಿಗೋ?" ಅಂತ ಒಬ್ಬರು. "ಆ ಒಂದು ಜೋಡಿ ರೊಕ್ಕದಾಗ ಇಲ್ಲೆ ಛಲೋ ಇಳಕಲ್ಲ ಸೀರಿ ಬರ್ತದ" ಅಂತ ಇನ್ನೊಬ್ಬರು.

ನನಗ ಇದರ ಬಗ್ಗೆ ಹುಡುಕಿ ಓದಬೇಕು ಅನಿಸಿದ್ದು ಬ್ಯಾರೆ ಕಾರಣಕ್ಕ. ನಮ್ಮ ಅಕ್ಕನ ಮಗಳು ಶಿಕಾಗೋದಾಗ ಇದ್ದಾಳ. ನಾಲ್ಕು ಅಂಗಡಿ ತಿರುಗಿದ್ಲಂತ. ಪಾದಕ್ಕ ಬೂಟು ಬರೋಬ್ಬರಿ ಕೂಡ್ತದ, ಮ್ಯಾಲ ಜಿಪ್ಪು ಮಾತ್ರ ಅರ್ಧಕ್ಕ ನಿಂತ ಬಿಡ್ತದ. "ಮಾವಶಿ, ನನ್ನ ಕಾಲ ಸರಿ ಇಲ್ಲ, ಭಾಳ ದಪ್ಪ" ಅಂದ್ಲು. ದಿನಾ ಮುಂಜಾನೆ ಎದ್ದು ಓಡೋ ಹುಡುಗಿ, ಕಾಲು ಗಟ್ಟಿ ಅವ, ಅಷ್ಟ.

ಆಗ ನನಗೊಂದು ವಿಚಾರ ಬಂತು. ನಮಗ ಜಂಪರ್ ಬಿಗಿ ಆದ್ರ ನಾವು ಏನ ಮಾಡ್ತೀವಿ? ಸೀದಾ ಟೇಲರ್ ಕಡೆ ಹೋಗ್ತೀವಿ. "ಏನ್ರೀ, ಅಳತಿ ಜಂಪರ್ ಕೊಟ್ಟಿದ್ದೆ, ಇದೇನ ಹೊಲದೀರಿ" ಅಂತ ಜಗಳಾ ಮಾಡಿ, ಒಳಗ ಬಿಟ್ಟ ಹೊಲಿಗಿ ಬಿಚ್ಚಿಸಿ, ಸಡಲ ಮಾಡಿಸಿಕೊಂಡ ಬರ್ತೀವಿ. ನನ್ನ ತೋಳ ಸರಿ ಇಲ್ಲ ಅಂತ ಯಾರೂ ಅಳೂದಿಲ್ಲ. ಹಂಗಾದ್ರ ಬೂಟು ಬಿಗಿ ಆದಾಗ ಹುಡುಗಿ ತನ್ನ ಕಾಲಿಗೆ ಯಾಕ ಬೈಕೋಬೇಕು? ಹೊಲದವರಿಗೆ ಬೀಳೋ ಬೈಗುಳ ಹಾಕ್ಕೊಳ್ಳೋರ ಮೈಮ್ಯಾಲ ಯಾವಾಗ ಬಂತು? ಇದನ್ನ ಹುಡುಕ್ಕೊಂತ ಹೋದ್ರ ಬೂಟಿನ ಇತಿಹಾಸ ಪೂರಾ ಬಿಚ್ಚಿಕೊಂತು.

ಮೊದಲು ತಿಳಕೋಬೇಕಾದ್ದು, ಉದ್ದ ಬೂಟು ಮೂಲದಾಗ ಗಂಡಸರದು. ಕುದುರಿ ಮ್ಯಾಲ ಕೂತಾಗ ಕಾಲು ತಿಕ್ಕಬಾರದು, ಕೆಸರು, ಮುಳ್ಳು ತಾಗಬಾರದು ಅಂತ ತೊಗಲಿನ ಕೊಳವಿ ಮಾಡಿ ಮಣಕಾಲ ತನಕ ಏರಿಸ್ತಿದ್ರು. ಎತ್ತರ ಹಿಮ್ಮಡಿ ಸೈತ ಕುದುರಿ ಸವಾರರದ. ರಿಕಾಬಿನ್ಯಾಗ ಇಟ್ಟ ಕಾಲು ಜಾರಬಾರದು ಅಂತ ಇರಾಣದ ಸವಾರರು ಹಾಕ್ಕೋತಿದ್ರು. 1600ರ ಸುಮಾರಿಗೆ ಅದು ಯುರೋಪಿಗೆ ಹೋತು. ಅಲ್ಲೆನೂ ಮೊದಲು ಗಂಡಸರ ಹಾಕ್ಕೊಂಡ್ರು, ಆಮ್ಯಾಲ ಹೆಂಗಸರಿಗೆ ಬಂತು. ಹೆಂಗಸರ ಲಂಗ ಅವಾಗ ನೆಲಾ ಉಡಗ್ತಿದ್ವು. ಕುದುರಿ ಹತ್ತೋ ದೊಡ್ಡ ಮನಿ ಹೆಣ್ಮಕ್ಕಳನ್ನ ಬಿಟ್ರ ಉಳಿದವರಿಗೆ ಉದ್ದ ಬೂಟಿನ ಕೆಲಸ ಇರಲಿಲ್ಲ.

ಹೆಂಗಸರಿಗೆ ಬೂಟು ಬಂದದ್ದು ಅಡ್ಡಾಡಲಿಕ್ಕೆ ಸುರು ಮಾಡಿದ ಮ್ಯಾಲ. 1830ರ ದಶಕದಾಗ ಇಂಗ್ಲಂಡಿನ್ಯಾಗ ಕಾಲ ಹರಡು ಮುಚ್ಚೋವಂಥ ಬೂಟು ಬಂದ್ವು. ಪಕ್ಕಕ್ಕ ದಾರ ಹಾಕಿ ಬಿಗಿಯೋವು. ಮ್ಯಾಲಿನ ಭಾಗ ಅರಿವಿದು, ತಳ ಸಪಾಟ. ರಾಜಾ ನಾಲ್ಕನೇ ವಿಲಿಯಂನ ಹೇಂಡ್ತಿ ರಾಣಿ ಅಡಿಲೇಡ್ ಹೆಸರಿನ ಮ್ಯಾಲ ಅವಕ್ಕ ಅಡಿಲೇಡ್ ಬೂಟು ಅಂತಿದ್ರು. ಆಮ್ಯಾಲ ವಿಕ್ಟೋರಿಯಾ ರಾಣಿ ಪಟ್ಟಕ್ಕ ಬಂದ 1837ರಾಗ ಜೋಸೆಫ್ ಸ್ಪಾರ್ಕ್ಸ್ ಹಾಲ್ ಅನ್ನೋ ಲಂಡನ್ನಿನ ಬೂಟಿನವ ಅಕಿಗೊಂದು ಹೊಸ ತರದ ಜೋಡಿ ಮಾಡಿ ಕೊಟ್ಟ. ದಾರಾನೂ ಇಲ್ಲ, ಗುಂಡಿನೂ ಇಲ್ಲ, ಎರಡೂ ಪಕ್ಕಕ್ಕ ಎಳೆದ್ರ ಹಿಗ್ಗೋ ಪಟ್ಟಿ. 1840ರಾಗ ಅದಕ್ಕ ಪೇಟೆಂಟ್ ಸೈತ ತಗೊಂಡ. ಈಗ ಹುಡುಗ್ಯಾರು ಚೆಲ್ಸಿ ಬೂಟು ಅಂತಾರಲ್ಲ, ಅದರ ಅಜ್ಜಿ ಇದು.

ಅದರ ಜೋಡಿ ಗುಂಡಿ ಬೂಟು ಬಂದ್ವು. ಸಾಲಾಗಿ ಹತ್ತು-ಹನ್ನೆರಡು ಸಣ್ಣ ಗುಂಡಿ, ಕೈಬೆರಳಿಗೆ ಸಿಗೂದಿಲ್ಲ. ಅದಕ್ಕಂತ ಉಕ್ಕಿನ ಕೊಂಡಿ ಒಂದು ಪ್ರತಿ ಮನ್ಯಾಗೂ ಇರ್ತಿತ್ತು. ದಿನಾ ಮುಂಜಾನೆ ಬಗ್ಗಿ ಕೂತು ಒಂದೊಂದ ಗುಂಡಿ ಎಳದು ಹಾಕೋದು. ಭಾಳ ತ್ರಾಸಿನ ಕೆಲಸ. ಆದ್ರ ಒಂದು ಗುಣ ನೋಡ್ರಿ. ದಾರ ಇದ್ರ ಸಡಲ ಬಿಡಬಹುದು, ಬಿಗಿ ಎಳೀಬಹುದು, ನಮ್ಮ ಲಂಗದ ಲಾಡಿ ಇದ್ದಂಗ. ಗುಂಡಿ ಇದ್ರ ಒಂದು ಬಟ್ಟು ಆಚೆ ಕಿತ್ತು ಹಚ್ಚಿದ್ರ ಆತು. ಕಾಲು ಬಾತರೂ ಬಸಿರಿದ್ದರೂ ಬೂಟು ಕಾಲಿನ ಮಾತ ಕೇಳ್ತಿತ್ತು. ಇದನ್ನ ನೆನಪಿಟಗೊಳ್ರಿ, ಮುಂದ ಬೇಕಾಗ್ತದ.

ಅಳತಿ ಹೆಂಗ ತಗೋತಿದ್ರು? ಬೂಟು ಮಾಡೋವ ಉದ್ದಕ ಒಂದು ಕಾಗದದ ಪಟ್ಟಿ ತಗೊಂಡು ಪಾದದ ಉದ್ದ, ಅದರ ಸುತ್ತಳತಿ, ಹರಡಿನ ಸುತ್ತಳತಿ, ಉದ್ದ ಬೂಟಾದ್ರ ಮೀನಖಂಡದ ಸುತ್ತಳತಿ, ಹಿಂಗ ಒಂದೊಂದಕ್ಕೂ ಅದರಾಗ ಕಚ್ಚು ಹಾಕೋವ. ಒಬ್ಬೊಬ್ಬರಿಗೆ ಒಂದೊಂದ ಪಟ್ಟಿ. ಮೀನಖಂಡ ಅಂದ್ರ ಮಣಕಾಲ ಕೆಳಗ ಹಿಂದಿನ ದಪ್ಪ ಭಾಗ, ನಮ್ಮ ಕಥಿ ಎಲ್ಲಾ ಅದರ ಸುತ್ತನ ಅದ.

ಈಗ ಅಮೇರಿಕಾಕ್ಕ ಹೋಗೋಣು. ಮ್ಯಾಸಚೂಸೆಟ್ಸ್ ರಾಜ್ಯದಾಗ ಲಿನ್ ಅಂತ ಒಂದು ಊರು. ಅಲ್ಲೆ ಮನಿ ಮನಿಗೂ ಹೆಂಗಸರ ಬೂಟು-ಷೂ ಮಾಡೋದ ಉದ್ಯೋಗ. ಗಂಡಸರು ಹಿತ್ತಲದಾಗ ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಕೋಲ್ಯಾಗ ಕೂತು ಅಟ್ಟಿ ಬಡೀತಿದ್ರು. ಮ್ಯಾಲಿನ ಭಾಗ ಹೊಲಿಯೋರು ಯಾರು? ಹೇಂಡ್ತಿ, ಮಗಳು. ಅಡಗಿ ಮನ್ಯಾಗ ಕೂತು, ಒಲಿ ಮ್ಯಾಲ ಸಾರು ಇಟ್ಟು, ತೊಡಿ ಮ್ಯಾಲ ತೊಗಲು ಇಟಗೊಂಡು ಹೊಲೀತಿದ್ರು. ಜೋಡಿಗಿಷ್ಟು ಅಂತ ಕೂಲಿ. 1850ರ ದಶಕದಾಗ ಹೊಲಿಗಿ ಮಷಿನ್ನು ಬಂತು, ಕೆಲಸ ಕಾರಖಾನಿಗೆ ಹೋತು, ಮನ್ಯಾಗ ಹೊಲಿಯೋರ ಕೂಲಿ ಬಿತ್ತು.

1860ರ ಫೆಬ್ರುವರಿ 22ಕ್ಕ ಲಿನ್ ಊರಾಗ ಮುಷ್ಕರ ಸುರು ಆತು. ಮಾರ್ಚ್ 7ಕ್ಕ ಹಿಮ ಸುರೀಲಿಕ್ಕೆ ಹತ್ತಿದ್ದಾಗ ಸುಮಾರು 800 ಹೆಣ್ಮಕ್ಕಳು ಬೀದಿಗಿಳದು ಮೆರವಣಿಗಿ ಹೋದ್ರು. ನಾವು ಗುಲಾಮರಲ್ಲ ಅನ್ನೋ ಅರ್ಥದ ಫಲಕ ಹಿಡದಿದ್ರು. ಅಡಗಿ ಮನ್ಯಾಗ ಕೂತು ಹೊಲಿಯೋರು, ಕಾರಖಾನಿಯೊಳಗ ಹೊಲಿಯೋರು ಇಬ್ಬರಿಗೂ ಕೂಲಿದ ಚಿಂತಿ, ಆದ್ರ ಏನ ಕೇಳಬೇಕು ಅನ್ನೋದ್ರಾಗ ಒಬ್ಬರಿಗೊಬ್ಬರಿಗೆ ಭಿನ್ನಾಭಿಪ್ರಾಯನೂ ಇತ್ತು. ನಮ್ಮ ಸಂಘದಾಗ ಇರೂದಿಲ್ಲೇನು, ಹಂಗ. ಅಂಗಡಿ ಕನ್ನಡ್ಯಾಗ ನೋಡೋ ಚಂದನ ಬೂಟಿನ ಹಿಂದ ಇಂಥಾ ಕೈಗಳು ಇದ್ವು ಅನ್ನೋದನ್ನ ಯಾರೂ ಹೇಳೂದಿಲ್ಲ, ಅದಕ್ಕ ನಾನು ಬರದೆ.

ಅದ ಲಿನ್ ಊರಿಗೆ ಯಾನ್ ಮಾಟ್ಸೆಲಿಗರ್ ಅನ್ನೋ ಹುಡುಗ ಬಂದ. 1852ರಾಗ ದಕ್ಷಿಣ ಅಮೇರಿಕಾದ ಸುರಿನಾಮಿನ್ಯಾಗ ಹುಟ್ಟಿದವ, ತಾಯಿ ಕರಿಯ ಜನಾಂಗದಕಿ. ಇಂಗ್ಲಿಷ್ ಬರತಿರಲಿಲ್ಲ, ರಾತ್ರಿ ಕೂತು ಕಲತ. ಬೂಟಿನ ಕೆಲಸದಾಗ ಅವಾಗ ಒಂದ ಒಂದು ಕೆಲಸ ಮಷಿನ್ನಿಗೆ ಬಗ್ಗತಿರಲಿಲ್ಲ. ಕಟ್ಟಿಗಿ ಕಾಲಿನ ಅಚ್ಚಿಗೆ ತೊಗಲು ಎಳದು ಕೂಡಿಸಿ ಮೊಳಿ ಬಡಿಯೋದು. ಕೈಲೆ ಮಾಡೋ ನುರಿತ ಕೆಲಸಗಾರ ದಿನಕ್ಕ 50 ಜೋಡಿ ಮಾಡಿದ್ರ ಹೆಚ್ಚು. ಮಾಟ್ಸೆಲಿಗರ್ 1883ರಾಗ ಪೇಟೆಂಟ್ ತಗೊಂಡ ಮಷಿನ್ನು ದಿನಕ್ಕ 150ರಿಂದ ಸುರು ಮಾಡಿ 700 ಜೋಡಿ ತನಕ ಮಾಡ್ತಿತ್ತು. ಬೂಟು ತುಟ್ಟಿ ಇದ್ದದ್ದು ಸೋವಿ ಆತು, ಬಡವರ ಹೆಣ್ಮಕ್ಕಳ ಕಾಲಿಗೂ ಬಂತು. ಇದು ಭಾಳ ದೊಡ್ಡ ಉಪಕಾರ. ಆ ಪುಣ್ಯಾತ್ಮ ಮಾತ್ರ 36 ವರ್ಷಕ್ಕ ಕ್ಷಯ ಆಗಿ 1889ರಾಗ ತೀರಿಕೊಂಡ.

ಆದ್ರ ಸೋವಿ ಆದದ್ದಕ್ಕ ಒಂದು ಬೆಲಿನೂ ಕೊಡಬೇಕಾತು. ಕಾಗದದ ಪಟ್ಟಿ ಮಾಯ ಆಗಿ ಅದರ ಜಾಗಾದಾಗ ನಂಬರ್ ಬಂತು. ಇಂಗ್ಲಂಡು, ಅಮೇರಿಕಾದ ಕಡೆ ಬೂಟಿನ ಒಂದು ನಂಬರಿಗೂ ಇನ್ನೊಂದಕ್ಕೂ ಒಂದು ಇಂಚಿನ ಮೂರನೇ ಒಂದು ಪಾಲು ಫರಕ. ಹಳೇ ಕಾಲದಾಗ ಅದನ್ನ ಒಂದು ಜವೆಗೋಧಿ ಕಾಳಿನ ಉದ್ದ ಅಂತಿದ್ರು. ಈ ನಂಬರ್ ಹೇಳೋದು ಪಾದದ ಉದ್ದ ಒಂದನ್ನ. ಅಗಲಕ್ಕ ಎ, ಬಿ, ಸಿ, ಡಿ ಅಂತ ಅಕ್ಷರ ಇಟ್ರು. ಮುಂದ 1920ರ ದಶಕದಾಗ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಬೂಟಿನ ಅಂಗಡಿ ಮನೆತನದ ಚಾರ್ಲ್ಸ್ ಬ್ರಾನಕ್ ಒಂದು ಲೋಹದ ಅಳತಿ ತಟ್ಟಿ ಮಾಡಿದ. ಪಾದ ಇಟ್ರ ಉದ್ದ, ಅಗಲ, ಪಾದದ ಕಮಾನು ಎಲ್ಲಾ ಹೇಳ್ತದ. ಅಲ್ಲಿಯ ಅಂಗಡ್ಯಾಗ ಈಗೂ ಅದ ಅದ. ಅದರಾಗ ಮೀನಖಂಡಕ್ಕ ಮಾತ್ರ ಜಾಗಾ ಇಲ್ಲ. ಅವಾಗ ಅದರದು ಅಷ್ಟ ತೊಂದರಿ ಆಗಲಿಲ್ಲ, ಯಾಕಂದ್ರ ಬೂಟು ಇನ್ನೂ ಗಿಡ್ಡ ಇದ್ವು, ದಾರ-ಗುಂಡಿ ಇದ್ವು.

ಬೂಟು ಉದ್ದ ಆದದ್ದು ಲಂಗ ಗಿಡ್ಡ ಆದಾಗ. 1914ರಾಗ ಮೊದಲನೇ ಮಹಾಯುದ್ಧ ಸುರು ಆತು. ಗಂಡಸರು ರಣಾಂಗಣಕ್ಕ ಹೋದ್ರು, ಹೆಂಗಸರು ಕಾರಖಾನಿಗೆ, ಬಸ್ಸಿಗೆ, ಆಫೀಸಿಗೆ ಹೋದ್ರು. ನೆಲಾ ಉಡಗೋ ಲಂಗ ಹಾಕ್ಕೊಂಡು ಆ ಕೆಲಸ ಆಗೂದಿಲ್ಲ. 1915ರ ಹೊತ್ತಿಗೆ ಲಂಗ ಹರಡಿನ ಮ್ಯಾಲ ಏರ್ತು. ಕಾಲು ಕಾಣ್ತಾವಲ್ಲ ಅಂತ ಮುಚ್ಚಲಿಕ್ಕೆ ಬೂಟು ಏರಿದ್ವು. ಸೀರಿ ಒಂದು ಗೇಣು ಮ್ಯಾಲ ಕಟ್ಟಿದ್ರ ಒಳಗ ಕಾಲ್ಚೀಲ ಏರಿಸಿದಂಗ. ಉದ್ದ ಬೂಟು ಹೆಂಗಸರ ಕಾಲಿಗೆ ಬಂದದ್ದು ಕಾಲು ತೋರಸಲಿಕ್ಕೆ ಅಲ್ಲ, ಮುಚ್ಚಲಿಕ್ಕೆ. ಇದನ್ನ ಓದಿ ನನಗ ಭಾಳ ಆಶ್ಚರ್ಯ ಆತು. ಆದ್ರ ಸೈನಿಕರ ಬೂಟಿಗೆ ತೊಗಲು ಬೇಕಾಗಿತ್ತು. ಅದಕ್ಕ 1918ರಾಗ ಅಮೇರಿಕಾದ ಯುದ್ಧ ಉದ್ಯಮ ಮಂಡಳಿ ಬೂಟಿನ ಎತ್ತರ 8 ಇಂಚಿಗಿಂತ ಹೆಚ್ಚು ಇರಬಾರದು ಅಂತ ನೇಮ ಮಾಡ್ತು. ಬಣ್ಣಕ್ಕೂ ಕಡಿವಾಣ ಹಾಕಿದ್ರು. ಹೆಣ್ಮಕ್ಕಳ ಬೂಟು ಎಷ್ಟು ಇಂಚು ಇರಬೇಕು ಅನ್ನೋದು ಸರಕಾರದ ಕಡತದಾಗ ಬಂತು ನೋಡ್ರಿ.

ಯುದ್ಧ ಮುಗದು 1920ರ ದಶಕ ಬಂತು. ಲಂಗ ಮಣಕಾಲಿನ ಹತ್ತಿರ ಏರಿದ್ವು. ಆಗ ರಷ್ಯನ್ ಬೂಟು ಅನ್ನೋ ಹೊಸ ಪದ್ಧತಿ ಬಂತು. ಇದರ ಬೀಜ ಪ್ಯಾರಿಸ್ಸಿನ್ಯಾಗ ಬಿದ್ದದ್ದು. ಪಾಲ್ ಪ್ವಾರೆ ಅನ್ನೋ ಹೆಸರಾಂತ ಉಡುಪಿನವ ತನ್ನ ಹೇಂಡ್ತಿ ಡೆನಿಸ್‌ಗೆ ಮಣಕಾಲ ತನಕದ ಮೆತ್ತಗಿನ ತೊಗಲಿನ ಬೂಟು ಮಾಡಿಸಿದ್ದ. ಕೆಂಪು, ಹಳದಿ, ಹಸರು, ಬಿಳಿ ಬಣ್ಣದವು. ಅಕಿ ಹಾಕ್ಕೊಂಡು ತಿರುಗಿದ್ಲು, ಮಂದಿ ಬೆರಗಾಗಿ ನೋಡಿದ್ರು. ಹತ್ತು-ಹನ್ನೆರಡು ವರ್ಷ ಆದ ಮ್ಯಾಲ ಲಂಡನ್ನಿನ ಓಣ್ಯಾಗ ಟೈಪಿಸ್ಟ್ ಹುಡುಗ್ಯಾರು ಸೈತ ಹಾಕ್ಕೊಳ್ಳಲಿಕ್ಕೆ ಹತ್ತಿದ್ರು. ಈ ಬೂಟಿಗೆ ದಾರ ಇಲ್ಲ, ಗುಂಡಿ ಇಲ್ಲ. ಸಡಲ ಕೊಳವಿ, ಕಾಲು ತೂರಿಸಿದ್ರ ಆತು, ಹರಡಿನ ಹತ್ರ ನಿರಿಗಿ ಬೀಳ್ತಿದ್ವು. ಮೀನಖಂಡ ದಪ್ಪ ಇರಲಿ, ಸಣ್ಣ ಇರಲಿ, ಎಲ್ಲಾರಿಗೂ ಬರ್ತಿತ್ತು. ಆ ದಶಕ ಮುಗಿಯೋದ್ರಾಗ ಅವು ಹೋಗಿ ಬಿಟ್ವು.

ಅದ ಹೊತ್ತಿಗೆ ಇನ್ನೊಂದು ಸಾಮಾನು ಬಂತು. ನಾವು ಪರ್ಸಿಗೆ, ದಿಂಬಿನ ಗವಸಣಿಗಿಗೆ, ಚೂಡಿದಾರಕ್ಕ ಹಚ್ಚೋ ಜಿಪ್ಪು. ಅದನ್ನ ಪಳಗಿಸಿದವ ಗಿಡಿಯಾನ್ ಸುಂಡ್‌ಬ್ಯಾಕ್, ಪೇಟೆಂಟ್ 1917ರಾಗ ಸಿಕ್ತು. ಆದ್ರ ಅದಕ್ಕ ಜಿಪ್ಪರ್ ಅಂತ ಹೆಸರು ಇರಲಿಲ್ಲ. 1923ರಾಗ ಅಮೇರಿಕಾದ ಗುಡ್‌ರಿಚ್ ರಬ್ಬರ್ ಕಂಪನಿ ಮಳಿ-ಹಿಮಕ್ಕ ಹಾಕ್ಕೊಳ್ಳೋ ರಬ್ಬರ್ ಬೂಟಿಗೆ ಅದನ್ನ ಹಚ್ಚಿ, ಆ ಬೂಟಿಗೆ "ಜಿಪ್ಪರ್" ಅಂತ ಹೆಸರಿಟ್ಟು ಮಾರಿತು. ಬೂಟಿನ ಹೆಸರು ಹಲ್ಲಿನ ಪಟ್ಟಿಗೆ ಅಂಟಿಕೊಂತು. ಮುಂದಿನ ಸಲ ದಿಂಬಿಗೆ ಜಿಪ್ಪು ಹಚ್ಚೋವಾಗ ನೆನಸ್ಕೊಳ್ರಿ, ಅದು ಬೂಟಿನ ಮನಿಯಿಂದ ಬಂದ ಹೆಸರು.

ಜಿಪ್ಪಿನಿಂದ ಅನುಕೂಲ ಭಾಳ. ಹನ್ನೆರಡು ಗುಂಡಿ ಹಾಕೋ ಕೆಲಸ ಒಂದ ಎಳತಕ್ಕ ಮುಗೀತು. ಆದ್ರ ದಾರ, ಗುಂಡಿಗೆ ಇದ್ದ ಗುಣ ಇದಕ್ಕಿಲ್ಲ. ಜಿಪ್ಪು ಹಾಕಿದ್ರ ಪೂರಾ ಬೀಳಬೇಕು, ಇಲ್ಲಾಂದ್ರ ಇಲ್ಲ. ಅರ್ಧ ಇಂಚು ಸಡಲ ಬಿಡು ಅಂದ್ರ ಕೇಳೂದಿಲ್ಲ. ಕಾಲಿನ ಮಾತು ಕೇಳೋ ಬೂಟು ಹೋಗಿ, ಬೂಟಿನ ಮಾತು ಕೇಳೋ ಕಾಲು ಬೇಕಾತು.

ಇನ್ನ ಈಗಿನ ಸ್ಟೈಲಿನ ಬೂಟಿಗೆ ಬರೋಣು. ನ್ಯೂಯಾರ್ಕಿನ್ಯಾಗ ಬೆತ್ ಲೆವಿನ್ ಅಂತ ಒಬ್ಬ ಹೆಣ್ಮಗಳು. ಮೊದಲು ಷೂ ಕಂಪನಿಗೆ ಷೂ ಹಾಕಿ ತೋರಸೋ ಮಾಡೆಲ್ ಆಗಿದ್ಲು, ಯಾಕಂದ್ರ ಅಕಿ ಪಾದ ಕರೆಕ್ಟ್ 4ಬಿ, ಕಂಪನಿಯವರು ಮಾದರಿ ಮಾಡೋ ಅಳತಿ. ಮುಂದ ತಾನ ಷೂ ರಚನಾ ಮಾಡಲಿಕ್ಕೆ ಸುರು ಮಾಡಿದ್ಲು. ಕೆಲಸ ಅಕಿದು, ಕಂಪನಿ ಹೆಸರು ಮಾತ್ರ ಗಂಡನದು, ಹರ್ಬರ್ಟ್ ಲೆವಿನ್. ಷೂ ಮಾಡೋರು ಅಂದ್ರ ಗಂಡಸರ ಹೆಸರ ಇರಬೇಕು ಅನ್ನೋ ಕಾಲ ಅದು. 1953ರಾಗ ಅಕಿ ಹೆಂಗಸರಿಗಂತ ಫ್ಯಾಷನ್ ಬೂಟು ತಂದ್ಲು. ಬೂಟು ಅಂದ್ರ ಮಳಿಗೆ, ಕೆಸರಿಗೆ ಅಂತ ತಿಳದಿದ್ದ ಮಂದಿ ಮೊದಲು ಒಪ್ಪಲಿಲ್ಲ. ಹತ್ತು ವರ್ಷಕ್ಕ ಎಲ್ಲಾರೂ ಅದನ್ನ ಬೇಡಲಿಕ್ಕೆ ಹತ್ತಿದ್ರು. ಎಳೆದ್ರ ಹಿಗ್ಗೋ, ಕಾಲ್ಚೀಲದಂಥ ಬೂಟನ್ನೂ ಅಕಿ ಮಾಡಿದ್ಲು.

1964ರಾಗ ಪ್ಯಾರಿಸ್ಸಿನ ಆಂದ್ರೆ ಕುರ್ರೆಜ್ ಗಿಡ್ಡ ಉಡುಪಿನ ಕೆಳಗ ಬಿಳಿ ಬೂಟು ಹಾಕಿಸಿದ. ಹಿಮ್ಮಡಿ ತೆಳ್ಳಗ, ಸಪಾಟ. ಹುಡುಗ್ಯಾರು ಓಡಬಹುದು, ಜಿಗೀಬಹುದು. ಹಿಂದಿನ ಚೂಪು ಹಿಮ್ಮಡಿ ಷೂ ಹಾಕ್ಕೊಂಡು ಇದು ಆಗತಿರಲಿಲ್ಲ. ಲಂಡನ್ನಿನ್ಯಾಗ ಮೇರಿ ಕ್ವಾಂಟ್ 1967ರಾಗ ಪ್ಲಾಸ್ಟಿಕ್ ಬೂಟು ತಂದ್ಲು. ಅಚ್ಚಿನ್ಯಾಗ ಹೊಯ್ದು ಮಾಡಿದ್ದು, ಒಳಗ ಬಣ್ಣದ ಅರಿವಿ, ಹಿಮ್ಮಡ್ಯಾಗ ಒಂದು ಡೇಸಿ ಹೂವಿನ ಗುರ್ತು. ಕೆಲವಕ್ಕ ನಡುವ ಜಿಪ್ಪು, ಬಿಚ್ಚಿದ್ರ ಮಣಕಾಲ ಬೂಟು ಹರಡಿನ ಬೂಟು ಆಗ್ತಿತ್ತು. ಜಾಣತನ ಅಲ್ಲೇನು? ಆದ್ರ ಅಚ್ಚಿನ್ಯಾಗ ಹೊಯ್ದದ್ದು ಅಂದ ಮ್ಯಾಲ ಅದಕ್ಕ ಹೊಲಿಗಿನ ಇಲ್ಲ. ಒಳಗ ಬಿಟ್ಟ ಅರಿವಿ ಇಲ್ಲ, ಬಿಚ್ಚಿ ಸಡಲ ಮಾಡೋ ಮಾತ ಇಲ್ಲ.

ಅದ ಕಾಲಕ್ಕ ಟ್ವಿಗ್ಗಿ ಅನ್ನೋ ಹುಡುಗಿ ಪತ್ರಿಕೆ ತುಂಬ ಬಂದ್ಲು. ಕಡ್ಡಿ ಹಂಗ ಇದ್ಲು ಅಂತನ ಆ ಅಡ್ಡಹೆಸರು. ಅಕಿದೇನೂ ತಪ್ಪಿಲ್ಲ, ದೇವರು ಕೊಟ್ಟ ಮೈ. ಆದ್ರ ಮಂದಿ ಕಣ್ಣಾಗ ಕಾಲು ಅಂದ್ರ ಹಂಗ ಇರಬೇಕು ಅನ್ನೋದು ಕೂತು ಬಿಟ್ತು. ಒಂದು ಕಡೆ ಸಡಲ ಬಿಡದ ಜಿಪ್ಪು, ಇನ್ನೊಂದು ಕಡೆ ಕಡ್ಡಿಯಂಥ ಕಾಲಿನ ಫೋಟೋ. ಇವೆರಡರ ನಡುವ ನಿಂತ ಹುಡುಗಿ ತನ್ನ ಕಾಲ ಸರಿ ಇಲ್ಲ ಅನ್ನದ ಇನ್ನೇನ ಅಂದಾಳು? ಬೈಗುಳ ಟೇಲರ್‌ನ ಬಿಟ್ಟು ನಮ್ಮ ಮೈಮ್ಯಾಲ ಬಂದದ್ದು ಇಲ್ಲೆ ಅಂತ ನನಗ ಅನಿಸ್ತದ.

ಇದು ಅಂಗಡಿ ತುಂಬ ಬೂಟು ಇದ್ದ ದೇಶದ ಮಾತಾತು. ಬೂಟ ಸಿಗದ ದೇಶದ ಮಾತೂ ಕೇಳ್ರಿ. ಸೋವಿಯತ್ ರಷ್ಯಾದಾಗ ಚಳಿ ಅಂದ್ರ ಮೂಳಿ ಕೊರಿಯೋ ಚಳಿ. ಅಲ್ಲೆ ಬೂಟು ಜರೂರಿ. ಆದ್ರ 1970ರ ದಶಕದಾಗ ಛಂದನ್ನ ಹೆಂಗಸರ ಬೂಟು ಅಂಗಡ್ಯಾಗ ಸಿಗೋದು ಕಠಿಣ. ಯುಗೊಸ್ಲಾವಿಯಾದ್ದೋ, ಫಿನ್ಲಂಡಿನದೋ ಮಾಲು ಬಂದದ ಅಂದ್ರ ಹೆಣ್ಮಕ್ಕಳು ಪಾಳಿ ಹಚ್ಚಿ ತಾಸುಗಟ್ಟಲೆ ನಿಂದರ್ತಿದ್ರು, ನಮ್ಮ ಕಡೆ ಹಿಂದ ರೇಷನ್ ಸೀಮೆಎಣ್ಣಿಗೆ ನಿಂತಂಗ. ತನ್ನ ನಂಬರ್ ಸಿಗದಿದ್ರ ಸಿಕ್ಕದ್ದನ್ನ ಹಿಡಕೊಂಡು ಬರೋದು, ಆಮ್ಯಾಲ ಆಫೀಸಿನ್ಯಾಗ ಒಬ್ಬರಿಗೊಬ್ಬರು ಮಾರಿಕೊಳ್ಳೋದು. ಕಾಲ್ಚೀಲದಂಥ ಹಿಗ್ಗೋ ಬೂಟು ಅಲ್ಲೆನೂ ಭಾಳ ಓಡಿದ್ವು.

ಎಲ್ದಾರ್ ರಯಾಜಾನೊವ್ ನಿರ್ದೇಶನ ಮಾಡಿದ 1977ರ ರಷ್ಯನ್ ಸಿನೆಮಾ ಒಂದದ, ಹೆಸರು "ಆಫೀಸಿನ ಪ್ರೇಮಪ್ರಸಂಗ" ಅಂತ ಅನ್ನಬಹುದು. ಅದರಾಗ ಸೆಕ್ರೆಟರಿ ವೇರಾ ಆಫೀಸಿನ್ಯಾಗ ಮಾರಲಿಕ್ಕೆ ಬಂದ ಬೂಟು ಹಾಕಿ ನೋಡ್ತಿರ್ತಾಳ. ಕಟ್ಟುನಿಟ್ಟಿನ ಮೇಲಧಿಕಾರಿ ಬಾಯಿ ಬಂದಾಗ "ಹೆಂಗದಾವ್ರಿ" ಅಂತ ಕೇಳ್ತಾಳ. ಅಕಿ ಮುಖ ಸಿಂಡರಿಸಿ, ಇದು ಅತಿ ಆತು, ನಾನಾದ್ರ ತಗೋತಿರಲಿಲ್ಲ ಅನ್ನೋ ಅರ್ಥದಾಗ ಹೇಳ್ತಾಳ. ಹಂಗಾದ್ರ ಬೂಟು ಛಲೋನ ಇದ್ದಾವ, ತಗೋಬೇಕು ಅಂತ ವೇರಾ ಠರಾವ ಮಾಡ್ತಾಳ! ಮುಂದ ಅದ ಬಾಯಿಗೆ ಛಂದ ಕಾಣಬೇಕು ಅನಿಸಿದಾಗ ಇಕಿನ್ನ ಕರದು ಫ್ಯಾಷನ್ ಪಾಠ ಹೇಳಸ್ಕೋತಾಳ, ಪಾಠ ಸುರು ಆಗೋದು ಕಾಲಿನಿಂದನ. ಯಾವ ದೇಶ ಆದ್ರೇನು, ಹೆಣ್ಮಕ್ಕಳ ಮಾತುಕತಿ ಒಂದ.

ಬೂಟು ದೂರದ್ದು ಆದ್ರೂ ಕೆಲಸ ಮಾತ್ರ ನಮಗ ದೂರದ್ದಲ್ಲ. ಅಥಣಿ, ನಿಪ್ಪಾಣಿ ಕಡೆ ಹೋಗಿ ನೋಡ್ರಿ. ಕೊಲ್ಹಾಪುರಿ ಚಪ್ಪಲಿ ಅಂತೀವಲ್ಲ, ಅದಕ್ಕ 2019ರಾಗ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲಾ ಜೋಡಿ ನಮ್ಮ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರನೂ ಸೇರಿದ್ವು. ತೊಗಲನ್ನ ಜಾಲಿ ಚಕ್ಕಿ, ಅಳಲೆಕಾಯಿ ಹಾಕಿ ಹದ ಮಾಡ್ತಾರ. ಗಂಡಸರು ಅಟ್ಟಿ ಕೊಯ್ದು ಬಡೀತಾರ, ಹೆಣ್ಮಕ್ಕಳು ಮನ್ಯಾಗ ಕೂತು ಮ್ಯಾಲಿನ ಪಟ್ಟಿ ಹೊಲೀತಾರ, ತೊಗಲಿನ ಎಳಿ ವೇಣಿ ಹೆಣೀತಾರ. ಲಿನ್ ಊರಿನ ಅಡಗಿ ಮನಿದು ಓದೋವಾಗ ನನ್ನ ಕಣ್ಣಿಗೆ ಅಥಣಿನ ಬಂತು.

ಇನ್ನ ಕೆಲಸಕ್ಕ ಬರೋ ಮಾತು. ನಿಮ್ಮ ಹುಡುಗ್ಯಾರು ಬೂಟು ತಗೋಳೋವಾಗ ಇದನ್ನ ಹೇಳ್ರಿ.

ಒಂದು, ಟೇಪು ಹಿಡಕೊಂಡ ಅಳತಿ ತಗೋಬೇಕು. ಕುರ್ಚಿ ಮ್ಯಾಲ ಕೂತು ಪಾದ ನೆಲಕ್ಕ ಊರಿ, ಮೀನಖಂಡದ ಎಲ್ಲಾಕಿಂತ ದಪ್ಪ ಜಾಗಾಕ್ಕ ಸುತ್ತಬೇಕು. ಬೂಟಿನೊಳಗ ಜೀನ್ಸ್ ಹಾಕೋರಿದ್ರ ಜೀನ್ಸ್ ಮ್ಯಾಲನ ಅಳೀಬೇಕು. ಸಂಜೀ ಮುಂದ ಅಳದ್ರ ಛಲೋ, ಅವಾಗ ಕಾಲು ಸ್ವಲ್ಪ ಬಾತಿರ್ತಾವ. ಎರಡೂ ಕಾಲು ಅಳದು ದೊಡ್ಡದನ್ನ ಹಿಡೀಬೇಕು.

ಎರಡು, ನೆಲದಿಂದ ಮಣಕಾಲ ಮಡಚೋ ಜಾಗಾದ ತನಕ ಎತ್ತರ ಅಳೀಬೇಕು. ನಮ್ಮ ಹುಡುಗ್ಯಾರು ಗಿಡ್ಡ ಇರ್ತಾರ. ಅಲ್ಲಿಯ ಉದ್ದ ಮಂದಿ ಮಣಕಾಲಿನ ಬೂಟು ಇವರಿಗೆ ಮಣಕಾಲ ಹಿಂದ ಚುಚ್ಚತದ.

ಮೂರು, ಸಾಮಾನ್ಯವಾಗಿ ಅಲ್ಲೆ ಬೂಟಿನ ಕೊಳವಿ ಸುತ್ತಳತಿ 14-15 ಇಂಚಿನ ಆಸುಪಾಸು ಇರ್ತದ. ಅಗಲ ಕೊಳವಿದು ಅಂತ ಬ್ಯಾರೆನ ಮಾರ್ತಾರ, ಅವು 16 ಇಂಚು ದಾಟಿರ್ತಾವ. ಇನ್ನೊಂದು ಗುಟ್ಟು ಅಂದ್ರ, ಪಾದದ ನಂಬರ್ ಕಡಿಮಿ ಆದಂಗ ಕೊಳವಿನೂ ಸಣ್ಣ ಮಾಡ್ತಾರ. ಪಾದ ಸಣ್ಣ, ಮೀನಖಂಡ ಗಟ್ಟಿ ಇದ್ದ ನಮ್ಮ ಹುಡುಗ್ಯಾರಿಗೆ ಜಿಪ್ಪು ನಿಲ್ಲೋದು ಇದಕ್ಕ. ಕಾಲಿಂದ ತಪ್ಪಲ್ಲ, ಲೆಕ್ಕದ ತಪ್ಪು. ಕೊಳವಿ ಸುತ್ತಳತಿ ಎಷ್ಟು ಅಂತ ಬಾಯಿ ಬಿಟ್ಟು ಕೇಳಬೇಕು.

ನಾಲ್ಕು, ಹಿಂದ ಹಿಗ್ಗೋ ಪಟ್ಟಿ ಇದ್ದದ್ದು, ಇಲ್ಲಾ ದಾರ ಇದ್ದದ್ದು ಸಿಕ್ರ ಅದನ್ನ ನೋಡಬೇಕು. ಖರೇ ತೊಗಲು ಹಾಕ್ಕೊಂತ ಸ್ವಲ್ಪ ಹಿಗ್ಗತದ, ಪ್ಲಾಸ್ಟಿಕ್ಕು ಹಿಗ್ಗೂದಿಲ್ಲ. ತೊಗಲಿನ ಬೂಟು ಬಿಗಿ ಆದ್ರ ಬೂಟು ರಿಪೇರಿ ಮಾಡೋರ ಕಡೆ ಒಯ್ದು ಪಕ್ಕಕ್ಕ ಎಲಾಸ್ಟಿಕ್ ಪಟ್ಟಿ ಕೂಡಿಸ್ಕೋಬಹುದು. ಜಂಪರಿಗೆ ಕಂಕಳಾಗ ತುಂಡು ಕೂಡಿಸಿದಂಗ.

ಐದು, ಚಳಿಗೋ ಸ್ಟೈಲಿಗೋ ಅಂತ ಕೇಳಿದ್ರಲ್ಲ, ಉತ್ತರ ಇದು. ತೆಳ್ಳನ್ನ ಅಟ್ಟಿಯ ಫ್ಯಾಷನ್ ಬೂಟು ಒಣ ಚಳಿಗೆ, ಆಫೀಸಿಗೆ ನಡೀತದ. ಹಿಮ, ಮಂಜುಗಡ್ಡಿ ಮ್ಯಾಲ ಅಡ್ಡಾಡಲಿಕ್ಕೆ ರಬ್ಬರಿನ ಗಟ್ಟಿ ಹಲ್ಲಿನ ಅಟ್ಟಿ ಬೇಕು, ಇಲ್ಲಾಂದ್ರ ಸೊಂಟ ಮುರೀತದ. ಅಲ್ಲೆ ಹಿಮ ಕರಗಲಿ ಅಂತ ರಸ್ತೆಕ್ಕ ಉಪ್ಪು ಹಾಕ್ತಾರ, ಅದು ತೊಗಲನ್ನ ತಿಂತದ. ಮನಿಗೆ ಬಂದ ಕೂಡ್ಲೆ ಒದ್ದಿ ಅರಿವಿಲೆ ಒರಸಿ, ಬೆಂಕಿ-ಹೀಟರ್ ಹತ್ರ ಇಡದಂಗ ಒಣಗಿಸಬೇಕು. ಇಡೋವಾಗ ಒಳಗ ಪೇಪರ್ ಸುರುಳಿ ಇಟ್ಟು ನೆಟ್ಟಗ ನಿಂದರಸಬೇಕು, ಮಡಚಿ ಬಿದ್ರ ತೊಗಲು ಸೀಳ್ತದ.

ಲಂಗ ಏರಿದಾಗ ಬೂಟು ಏರಿದ್ವು, ಸರಕಾರ ಬ್ಯಾಡ ಅಂದಾಗ ಇಳದ್ವು, ಮಷಿನ್ನು ಬಂದಾಗ ಸೋವಿ ಆದ್ವು, ಜಿಪ್ಪು ಬಂದಾಗ ಬಿಗಿ ಆದ್ವು. ಹೆಣ್ಮಕ್ಕಳ ಕಾಲು ಮಾತ್ರ ಇಷ್ಟು ವರ್ಷ ಇದ್ದಂಗ ಇದ್ದಾವ, ಒಬ್ಬೊಬ್ಬರದು ಒಂದೊಂದ ತರ. ಅದಕ್ಕ ಜಂಪರಿಗೆ ಮಾಡೋ ನ್ಯಾಯನ ಬೂಟಿಗೂ ಮಾಡ್ರಿ. ಬಿಗಿ ಆದ್ರ ಬೂಟಿಗೆ ಬೈರಿ, ಅಂಗಡಿಯಾಗ ಇನ್ನೊಂದು ತೋರಸು ಅನ್ರಿ. ಹುಡುಗ್ಯಾರಿಗೂ ಇದನ್ನ ಹೇಳಿ ಕೊಡ್ರಿ, ಮತ್ತ ಅವರ ಬ್ಯಾಗಿನ್ಯಾಗ ಚಕ್ಕಲಿ-ಉಂಡಿ ಜೋಡಿ ಒಂದು ಅಳತಿ ಟೇಪೂ ಇಟ್ಟು ಕಳಸ್ರಿ.